ಕಪಾಟಿನಲ್ಲಿರುವ ಸಾಮಗ್ರಿಗಳಿಂದಲೇ ಹೊಟ್ಟೆ ತುಂಬುವ ಕ್ಯಾಸರೋಲ್: ಪದೇ ಪದೇ ಕೇಳುವ ಪ್ರಶ್ನೆಗಳು

ತಾಜಾ ತರಕಾರಿ ಮುಗಿದು, ಹೊರಗೆ ಹೋಗಿ ತರುವ ಚೈತನ್ಯವೂ ಉಳಿಯದ ಸಂಜೆಗಳಲ್ಲಿ, ಕಪಾಟಿನಲ್ಲಿರುವ ಪಾಸ್ತಾ, ಅಕ್ಕಿ, ಕಾಳು, ಹಾಲಿನ ಪುಡಿ ಮತ್ತು ಡಬ್ಬಿಯ ಟೊಮೆಟೊಗಳಿಂದ ಮನೆಮಂದಿಗೆಲ್ಲ ಸಾಲುವ ಬಿಸಿ ಊಟವನ್ನು ಒಂದೇ ಪಾತ್ರೆಯಲ್ಲಿ ಮಾಡಿಕೊಳ್ಳುವ ವಿಧಾನವೇ ಕ್ಯಾಸರೋಲ್. ಇದನ್ನು ಹೊಸದಾಗಿ ಕಲಿಯುವವರ ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ, ಹೆಚ್ಚಿನವು ಬಂದು ನಿಲ್ಲುವುದು ಒಂದೇ ಕಡೆ: ಪಾತ್ರೆಯೊಳಗೆ ಯಾವ ಪದಾರ್ಥ ನೀರು ಬಿಡುತ್ತದೆ, ಯಾವುದು ನೀರು ಕುಡಿಯುತ್ತದೆ ಎಂಬ ಲೆಕ್ಕದಲ್ಲಿ. ಕೆಳಗಿನ ಉತ್ತರಗಳಲ್ಲಿ ಆ ಲೆಕ್ಕ ಮತ್ತೆ ಮತ್ತೆ ಬರುವುದು ಅದಕ್ಕಾಗಿಯೇ.

ಕ್ಯಾಸರೋಲ್ ಎಂದರೆ ಪಾತ್ರೆಯೇ, ತಿನಿಸೇ?

ಎರಡೂ ಹೌದು. ಫ್ರೆಂಚ್ ಮೂಲದ ಈ ಪದ ಮೊದಲು ಪಾತ್ರೆಯ ಹೆಸರಾಗಿದ್ದು, ನಂತರ ಆ ಪಾತ್ರೆಯಲ್ಲಿ ನಿಧಾನವಾಗಿ ಬೆಂದು ಅದರಲ್ಲೇ ಬಡಿಸುವ ತಿನಿಸಿಗೂ ಬಳಕೆಯಾಯಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆಹಾರ ಆರದಂತೆ ಇಡುವ, ಹೊರಮೈ ಪ್ಲಾಸ್ಟಿಕ್ ಆಗಿರುವ ಎರಡು ಪದರದ ಡಬ್ಬಿಯನ್ನೂ ಅನೇಕರು ಕ್ಯಾಸರೋಲ್ ಎಂದೇ ಕರೆಯುತ್ತಾರೆ; ಅದನ್ನು ಯಾವ ಕಾರಣಕ್ಕೂ ಓವನ್ ಒಳಗೆ ಇಡಬಾರದು. ಈ ಬರಹದಲ್ಲಿ ಪಾತ್ರೆ ಎಂದಾಗಲೆಲ್ಲ ಓವನ್ ಶಾಖವನ್ನು ತಡೆಯುವ ಗಾಜು, ಪಿಂಗಾಣಿ, ಎರಕದ ಕಬ್ಬಿಣ ಅಥವಾ ಇತರ ಲೋಹದ ಅಗಲವಾದ ಪಾತ್ರೆ ಎಂದೇ ಅರ್ಥ.

ಯಾವ ಸಾಮಗ್ರಿಗಳು ಇದ್ದರೆ ಈ ಊಟ ಸಾಧ್ಯ?

ಪ್ರತಿ ಕ್ಯಾಸರೋಲ್‌ನಲ್ಲೂ ಐದು ಕೆಲಸಗಳಿರುತ್ತವೆ, ಒಂದೊಂದು ಕೆಲಸಕ್ಕೂ ಕಪಾಟಿನಿಂದ ಯಾರಾದರೊಬ್ಬರು ಬಂದರೆ ಸಾಕು. ಹೊಟ್ಟೆ ತುಂಬಿಸುವ ಕೆಲಸ ಪಾಸ್ತಾ, ಅಕ್ಕಿ ಅಥವಾ ಆಲೂಗಡ್ಡೆಯದು. ಪೌಷ್ಟಿಕತೆಗೆ ಬೇಯಿಸಿದ ಕಾಳು, ಡಬ್ಬಿಯ ಟ್ಯೂನ ಮೀನು, ಮೊಟ್ಟೆ ಅಥವಾ ಉಳಿದಿರುವ ಬೆಂದ ಕೋಳಿಮಾಂಸ ಒದಗುತ್ತದೆ. ತರಕಾರಿಯ ಸ್ಥಾನವನ್ನು ಫ್ರೀಜರ್‌ನ ಬಟಾಣಿ, ಡಬ್ಬಿಯ ಜೋಳ, ಬುಟ್ಟಿಯಲ್ಲಿ ಉಳಿದ ಈರುಳ್ಳಿ ಮತ್ತು ಕ್ಯಾರೆಟ್ ತುಂಬುತ್ತವೆ. ಇವೆಲ್ಲವನ್ನೂ ಒಂದುಗೂಡಿಸಲು ಹಾಲಿನ ಬಿಳಿ ಸಾಸ್ ಅಥವಾ ಟೊಮೆಟೊ ಸಾಸ್ ಬೇಕು; ಕೊನೆಯದಾಗಿ, ಮೇಲೆ ಗರಿಗರಿಯಾದ ಪದರಕ್ಕೆ ಬ್ರೆಡ್ ಪುಡಿ, ರಸ್ಕ್ ಪುಡಿ ಅಥವಾ ಉಪ್ಪು ಬಿಸ್ಕತ್ತಿನ ಪುಡಿ.

ಈ ಐದರಲ್ಲಿ ಯಾವುದನ್ನಾದರೂ ಬಿಡಬೇಕಾಗಿ ಬಂದರೆ ತರಕಾರಿಯನ್ನು ಬಿಡಬಹುದು, ಕಾಳು ಅಥವಾ ಮೀನನ್ನೂ ಬಿಡಬಹುದು. ಆದರೆ ಒಂದುಗೂಡಿಸುವ ಸಾಸ್ ಮತ್ತು ಮೇಲಿನ ಪದರವನ್ನು ಮಾತ್ರ ಬಿಡಬೇಡಿ ಎಂಬುದು ನನ್ನ ಒತ್ತಾಯ. ಸಾಸ್ ಇಲ್ಲದಿದ್ದರೆ ಪದಾರ್ಥಗಳು ಒಂದರ ಪಕ್ಕ ಒಂದು ಬೆಂದಿರುತ್ತವೆಯೇ ಹೊರತು ಒಂದು ತಿನಿಸಾಗಿರುವುದಿಲ್ಲ; ಮೇಲಿನ ಪದರ ಇಲ್ಲದಿದ್ದರೆ ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೂ ಬಾಯಿಗೆ ಮೆತ್ತಗಿನ ಅನುಭವವೊಂದೇ ಸಿಗುತ್ತದೆ.

ಆರು ಜನರಿಗೆ ನಂಬಬಹುದಾದ ಅಳತೆ ಯಾವುದು?

ಸುಮಾರು 23 ಸೆಂಟಿಮೀಟರ್ ಅಗಲ, 33 ಸೆಂಟಿಮೀಟರ್ ಉದ್ದದ, 3 ಲೀಟರ್ ಹಿಡಿಯುವ ಪಾತ್ರೆಗೆ ಈ ಅಳತೆ ಹೊಂದುತ್ತದೆ. ಒಣ ಪಾಸ್ತಾ 250 ಗ್ರಾಂ. ಬೇಯಿಸಿದ ಬಿಳಿ ಕಾಳು ಅಥವಾ ರಾಜ್ಮಾ 3 ಕಪ್, ಅಂದರೆ 400 ಗ್ರಾಂ ತೂಕದ ಎರಡು ಡಬ್ಬಿಗಳಿಂದ ನೀರು ಸೋಸಿದ ನಂತರ ಸಿಗುವಷ್ಟು. ಫ್ರೀಜರ್‌ನ ಬಟಾಣಿ 2 ಕಪ್. ಸಣ್ಣಗೆ ಹೆಚ್ಚಿದ ದೊಡ್ಡ ಈರುಳ್ಳಿ ಒಂದು. ಬೆಣ್ಣೆ 60 ಗ್ರಾಂ. ಮೈದಾ 4 ದೊಡ್ಡ ಚಮಚ. ಹಾಲು 3 ಕಪ್, ಅಂದರೆ ಸುಮಾರು 720 ಮಿಲಿಲೀಟರ್. ತುರಿದ ಚೀಸ್ 150 ಗ್ರಾಂ. ಬ್ರೆಡ್ ಪುಡಿ 1 ಕಪ್, ಅದಕ್ಕೆ ಕಲಸಲು 2 ದೊಡ್ಡ ಚಮಚ ಕರಗಿದ ಬೆಣ್ಣೆ ಅಥವಾ ಎಣ್ಣೆ. ಸಾಸಿವೆ ಪುಡಿ ಒಂದು ಸಣ್ಣ ಚಮಚ, ಕಾಳುಮೆಣಸಿನ ಪುಡಿ ಅರ್ಧ ಸಣ್ಣ ಚಮಚ, ಉಪ್ಪು ಕೊನೆಯಲ್ಲಿ ರುಚಿ ನೋಡಿಕೊಂಡು.

ಓವನ್ ಅನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಬಿಟ್ಟು, ಉಪ್ಪು ಹಾಕಿದ ನೀರಿನಲ್ಲಿ ಪಾಸ್ತಾವನ್ನು ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ 2ರಿಂದ 3 ನಿಮಿಷ ಮೊದಲೇ ಇಳಿಸಿ ಸೋಸಿಕೊಳ್ಳಿ. ಬೆಣ್ಣೆಯಲ್ಲಿ ಈರುಳ್ಳಿಯನ್ನು ಮೆತ್ತಗಾಗುವವರೆಗೆ ಬಾಡಿಸಿ, ಅದೇ ಬೆಣ್ಣೆಗೆ ಮೈದಾ ಸೇರಿಸಿ ಹುರಿದು, ಹಾಲು ಎರೆದು ಸಾಸ್ ಮಾಡಿಕೊಳ್ಳಿ. ಉರಿ ಆರಿಸಿದ ಮೇಲೆ ಚೀಸ್‌ನ ಮುಕ್ಕಾಲು ಪಾಲನ್ನೂ ಸಾಸಿವೆ, ಕಾಳುಮೆಣಸಿನ ಪುಡಿಗಳನ್ನೂ ಸೇರಿಸಿ, ನಂತರ ಪಾಸ್ತಾ, ಕಾಳು, ಬಟಾಣಿಗಳನ್ನು ಹಾಕಿ ಕಲಸಿ ಪಾತ್ರೆಗೆ ಸುರಿಯಿರಿ. ಉಳಿದ ಚೀಸ್ ಮತ್ತು ಬ್ರೆಡ್ ಪುಡಿಯನ್ನು ಮೇಲೆ ಹರಡಿ, ಅಂಚಿನಲ್ಲಿ ಮಾತ್ರವಲ್ಲದೆ ನಡುವೆಯೂ ಗುಳ್ಳೆ ಏಳುವವರೆಗೆ, ಅಂದರೆ 30ರಿಂದ 35 ನಿಮಿಷ ಬೇಯಿಸಿ. ಹೊರತೆಗೆದ ನಂತರ 10 ನಿಮಿಷ ಮುಟ್ಟದೆ ಬಿಡಿ. ಹಸಿವಾಗಿರುವಾಗ ಈ ಹತ್ತು ನಿಮಿಷ ಬಹಳ ದೀರ್ಘವೆನಿಸುತ್ತದೆ, ಆದರೆ ಪಿಷ್ಟ ಗಟ್ಟಿಯಾಗಿ ಸಾಸ್ ಕೂಡಿಕೊಳ್ಳುವುದು ಅದೇ ಹೊತ್ತಿನಲ್ಲಿ.

ಟ್ಯೂನ ಹಾಕುವವರು ಕಾಳಿನ ಬದಲು ಎರಡು ಸಣ್ಣ ಡಬ್ಬಿಗಳ ಮೀನನ್ನು ಸೋಸಿ, ಕೊನೆಯಲ್ಲಿ ಪುಡಿಯಾಗದಂತೆ ಮೃದುವಾಗಿ ಸೇರಿಸಬೇಕು. ಅನ್ನ ಬಳಸುವವರಿಗೆ 4 ಕಪ್ ಅನ್ನ ಈ ಪಾಸ್ತಾಕ್ಕೆ ಸಮನಾಗುತ್ತದೆ.

ಪಾಸ್ತಾವನ್ನು ಮೊದಲು ಬೇಯಿಸಲೇಬೇಕೇ?

ಬೇಯಿಸಿದರೆ ಫಲಿತಾಂಶ ನಿಮ್ಮ ಹಿಡಿತದಲ್ಲಿರುತ್ತದೆ. ಬೇಯಿಸದೆಯೂ ಮಾಡಬಹುದು, ಆದರೆ ಆಗ ನೀರಿನ ಲೆಕ್ಕ ಬದಲಾಗುತ್ತದೆ. ಪಾಸ್ತಾ ಬೇಯುವಾಗ ತನ್ನ ತೂಕದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚೇ ನೀರನ್ನು ಕುಡಿಯುತ್ತದೆ. ಆದ್ದರಿಂದ 250 ಗ್ರಾಂ ಒಣ ಪಾಸ್ತಾವನ್ನು ನೇರವಾಗಿ ಪಾತ್ರೆಗೆ ಹಾಕುವುದಾದರೆ, ಮೇಲಿನ ಅಳತೆಯ ಸಾಸ್‌ಗೆ ಇನ್ನೂ ಒಂದೂವರೆ ಕಪ್ ಬಿಸಿನೀರು ಸೇರಿಸಿ, ಎಲ್ಲ ಪಾಸ್ತಾವೂ ಮುಳುಗಿರುವಂತೆ ನೋಡಿಕೊಂಡು, ಅಲ್ಯೂಮಿನಿಯಂ ಹಾಳೆಯಿಂದ ಬಿಗಿಯಾಗಿ ಮುಚ್ಚಿ, ಸುಮಾರು 45 ನಿಮಿಷ ಬೇಯಿಸಿ, ನಂತರವಷ್ಟೇ ಹಾಳೆ ತೆಗೆದು ಮೇಲಿನ ಪದರವನ್ನು ಹಾಕಬೇಕು. ಮುಳುಗದೆ ಹೊರಗೆ ಉಳಿದ ತುಂಡುಗಳು ಎಷ್ಟು ಹೊತ್ತು ಇಟ್ಟರೂ ಗಟ್ಟಿಯಾಗಿಯೇ ಉಳಿಯುತ್ತವೆ.

ಮೊದಲು ಬೇಯಿಸುವವರು ಮಾಡುವ ತಪ್ಪು ಇದಕ್ಕೆ ತದ್ವಿರುದ್ಧವಾದುದು. ತಿನ್ನಲು ಹದವಾಗುವವರೆಗೆ ಕುದಿಸಿದ ಪಾಸ್ತಾ ಓವನ್‌ನಲ್ಲಿ ಮತ್ತೆ ಅರ್ಧ ಗಂಟೆ ಸಾಸ್‌ನಲ್ಲಿ ನೆನೆಯುವುದರಿಂದ ಆಕಾರ ಕಳೆದುಕೊಂಡು ಮುದ್ದೆಯಾಗುತ್ತದೆ. ನಾನು ಮೊದಲ ಕೆಲವು ಬಾರಿ ಹೀಗೆಯೇ ಕೆಡಿಸಿದ ಮೇಲೆ, ಕಚ್ಚಿದಾಗ ನಡುವೆ ಸಣ್ಣ ಬಿಳಿ ಚುಕ್ಕೆ ಕಾಣುವ ಹಂತದಲ್ಲೇ ಸೋಸುವುದನ್ನು ರೂಢಿ ಮಾಡಿಕೊಂಡೆ. ಆ ಚುಕ್ಕೆ ಬೇಯಲು ಬೇಕಾದ ನೀರನ್ನು ಪಾಸ್ತಾ ಸಾಸ್‌ನಿಂದ ಎಳೆದುಕೊಳ್ಳುತ್ತದೆ, ಜೊತೆಗೆ ಸಾಸ್‌ನ ರುಚಿಯನ್ನೂ.

ಅಕ್ಕಿಯನ್ನು ಹಸಿಯಾಗಿಯೇ ಹಾಕಬಹುದೇ?

ಹಾಕಬಹುದು. ಒಂದು ಕಪ್ ಬಿಳಿ ಅಕ್ಕಿಗೆ ಎರಡು ಕಪ್ ಕುದಿಯುತ್ತಿರುವ ದ್ರವ ಎಂಬ ಲೆಕ್ಕದಲ್ಲಿ, ಬಿಗಿಯಾಗಿ ಮುಚ್ಚಿ, 190 ಡಿಗ್ರಿಯಲ್ಲಿ 30ರಿಂದ 35 ನಿಮಿಷ ಬೇಯಿಸಬೇಕು. ಪಾಲಿಶ್ ಮಾಡದ ಕಂದು ಅಕ್ಕಿಗೆ ಒಂದು ಗಂಟೆಯಷ್ಟು ಹೊತ್ತು ಹಿಡಿಯುತ್ತದೆ, ದ್ರವವೂ ಸ್ವಲ್ಪ ಹೆಚ್ಚು ಬೇಕು. ದ್ರವ ಕುದಿಯುತ್ತಿರಬೇಕು ಎಂಬ ಮಾತನ್ನು ಲಘುವಾಗಿ ತೆಗೆದುಕೊಳ್ಳಬಾರದು, ಏಕೆಂದರೆ ತಣ್ಣನೆಯ ದ್ರವ ಓವನ್‌ನಲ್ಲಿ ಕಾಯುವುದಕ್ಕೇ ಅರ್ಧ ಸಮಯ ಕಳೆದುಹೋಗಿ, ಅಕ್ಕಿಯ ಹೊರಭಾಗ ಮೆತ್ತಗಾದರೂ ಒಳಗೆ ಗಟ್ಟಿ ಉಳಿಯುತ್ತದೆ. ಗಟ್ಟಿ ಬಿಳಿ ಸಾಸ್‌ನಲ್ಲಿ ಹಸಿ ಅಕ್ಕಿ ಸರಿಯಾಗಿ ಬೇಯುವುದಿಲ್ಲ. ಅಂಥ ಕ್ಯಾಸರೋಲ್‌ಗೆ ಬೇಯಿಸಿದ ಅನ್ನವೇ ಸರಿ.

ಒಣ ಕಾಳುಗಳನ್ನು ಹೇಗೆ ಬಳಸುವುದು?

ಒಣ ಕಾಳು ಅಗ್ಗವೂ ಹೌದು, ಬಹುಕಾಲ ಬಾಳುವುದೂ ಹೌದು. ಆದರೆ ಅದನ್ನು ಸಂಪೂರ್ಣವಾಗಿ ಬೇಯಿಸಿದ ಮೇಲೆಯೇ ಕ್ಯಾಸರೋಲ್‌ಗೆ ಹಾಕಬೇಕು. ಇದಕ್ಕೆ ಎರಡು ಕಾರಣಗಳಿವೆ. ಟೊಮೆಟೊದಂಥ ಹುಳಿ ಪದಾರ್ಥ ಕಾಳು ಮೆತ್ತಗಾಗುವುದನ್ನು ತಡೆಯುತ್ತದೆ, ಹಾಗಾಗಿ ಅರೆಬೆಂದ ಕಾಳು ಟೊಮೆಟೊ ಸಾಸ್‌ಗೆ ಬಿದ್ದರೆ ಗಂಟೆಗಟ್ಟಲೆ ಅರೆಬೆಂದೇ ಇರುತ್ತದೆ. ಎರಡನೆಯ ಕಾರಣ ಆರೋಗ್ಯಕ್ಕೆ ಸಂಬಂಧಿಸಿದ್ದು. ಕೆಂಪು ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ಲೆಕ್ಟಿನ್, ಅಂದರೆ ಒಂದು ಬಗೆಯ ವಿಷಕಾರಿ ಪ್ರೋಟೀನ್ ಇದ್ದು, ಹಸಿಯಾಗಿ ಅಥವಾ ಅರೆಬೆಂದ ಸ್ಥಿತಿಯಲ್ಲಿ ತಿಂದರೆ ಕೆಲವೇ ಗಂಟೆಗಳಲ್ಲಿ ತೀವ್ರವಾದ ವಾಂತಿ, ಭೇದಿ ಉಂಟಾಗುತ್ತದೆ. ನಾಲ್ಕೈದು ಕಾಳುಗಳೂ ಇದಕ್ಕೆ ಸಾಕಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕುದಿ ನಿಲ್ಲದಂತೆ 30 ನಿಮಿಷ ಕುದಿಸಿ, ಅಲ್ಲಿಂದ ಮುಂದೆ ಮೆತ್ತಗಾಗುವವರೆಗೆ ಬೇಯಿಸುವುದು ಸುರಕ್ಷಿತ ಮಾರ್ಗ. ಕುದಿಯುವ ಬಿಂದುವನ್ನು ಮುಟ್ಟದ ಮಂದ ಶಾಖದಲ್ಲಿ ಎಷ್ಟು ಹೊತ್ತು ಇಟ್ಟರೂ ಈ ವಿಷ ನಾಶವಾಗುವುದಿಲ್ಲ. ಕ್ಯಾಸರೋಲ್‌ನ ನಡುಭಾಗ ಓವನ್‌ನಲ್ಲಿ ಹಲವು ಬಾರಿ ಕುದಿಯುವ ಶಾಖವನ್ನು ಮುಟ್ಟುವುದೇ ಇಲ್ಲವಾದ್ದರಿಂದ, ನೆನೆಸಿದ ರಾಜ್ಮಾವನ್ನು ನೇರವಾಗಿ ಅದಕ್ಕೆ ಹಾಕುವುದು ಅಪಾಯಕಾರಿ. ಡಬ್ಬಿಯಲ್ಲಿ ಬರುವ ಕಾಳು ಪೂರ್ತಿ ಬೆಂದಿರುವುದರಿಂದ ಈ ಆತಂಕ ಅದಕ್ಕಿಲ್ಲ.

ಒಂದು ಕಪ್ ಒಣ ಕಾಳು ಬೆಂದಾಗ ಎರಡೂವರೆಯಿಂದ ಮೂರು ಕಪ್ ಆಗುತ್ತದೆ. ಸಿಪ್ಪೆಯಿರುವ ಮಸೂರ ನೆನೆಸದೆಯೇ 20ರಿಂದ 25 ನಿಮಿಷದಲ್ಲಿ ಬೇಯುವುದರಿಂದ, ಯೋಚಿಸಿಟ್ಟುಕೊಳ್ಳದೆ ಅಡುಗೆಗೆ ಇಳಿದ ದಿನಕ್ಕೆ ಅದೇ ಉತ್ತಮ. ಸಿಪ್ಪೆ ತೆಗೆದ ಕೆಂಪು ಮಸೂರ ಕರಗಿಹೋಗುತ್ತದೆ. ಅದನ್ನು ಕಾಳಾಗಿ ಬಳಸುವ ಬದಲು ಸಾಸ್ ಗಟ್ಟಿಯಾಗಿಸಲು ಬಳಸಬಹುದು.

ಡಬ್ಬಿಯ ಕಾಳಿನ ನೀರನ್ನು ಚೆಲ್ಲಬೇಕೇ?

ಸಾಮಾನ್ಯವಾಗಿ ಹೌದು. ಸೋಸಿ, ತಣ್ಣೀರಿನಲ್ಲಿ ತೊಳೆದರೆ ಉಪ್ಪಿನ ಅಂಶ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಆದರೆ ಆ ನೀರಿನಲ್ಲಿ ಪಿಷ್ಟವಿದೆ ಎಂಬುದನ್ನು ಮರೆಯಬೇಡಿ. ಟೊಮೆಟೊ ಸಾಸ್ ತೀರಾ ತೆಳುವಾಗಿದ್ದರೆ ಅದರ ಕಾಲು ಕಪ್ ಸೇರಿಸಿದಾಗ ಸಾಸ್‌ಗೆ ಮೈ ಬರುತ್ತದೆ.

ಬಿಳಿ ಸಾಸ್ ಗಂಟು ಕಟ್ಟದಂತೆ ಮಾಡುವುದು ಹೇಗೆ?

ಮೈದಾದ ಪ್ರತಿ ಕಣವೂ ಹಾಲನ್ನು ಕಾಣುವ ಮೊದಲು ಕೊಬ್ಬಿನಲ್ಲಿ ಮಿಂದಿರಬೇಕು, ಇಡೀ ಗುಟ್ಟು ಇಷ್ಟೇ. ಬೆಣ್ಣೆ ಕರಗಿದ ಮೇಲೆ ಮೈದಾ ಹಾಕಿ, ಮಂದ ಉರಿಯಲ್ಲಿ ಎರಡು ನಿಮಿಷ ಬಣ್ಣ ಬದಲಾಗದಂತೆ, ಹಸಿ ವಾಸನೆ ಹೋಗುವಂತೆ ಹುರಿಯಿರಿ. ನಂತರ ಪಾತ್ರೆಯನ್ನು ಉರಿಯಿಂದ ಇಳಿಸಿ, ಹಾಲನ್ನು ಮೊದಲು ಕಾಲು ಕಪ್‌ನಷ್ಟು ಮಾತ್ರ ಎರೆದು ನುಣ್ಣಗಿನ ಮುದ್ದೆಯಾಗುವವರೆಗೆ ತಿರುವಿ, ಮತ್ತೆ ಕಾಲು ಕಪ್, ಹೀಗೆ ಮೂರು ನಾಲ್ಕು ಸಲ ಮಾಡಿದ ಮೇಲೆ ಉಳಿದ ಹಾಲನ್ನು ಒಮ್ಮೆಗೇ ಸುರಿಯಬಹುದು. ಮತ್ತೆ ಉರಿಯ ಮೇಲಿಟ್ಟು, ತಳ ಹಿಡಿಯದಂತೆ ತಿರುವುತ್ತಾ ಕುದಿ ಬರಿಸಬೇಕು. ಪಿಷ್ಟ ತನ್ನ ಪೂರ್ಣ ಶಕ್ತಿಯಲ್ಲಿ ದ್ರವವನ್ನು ಹಿಡಿದಿಡುವುದು ಕುದಿಯ ಹತ್ತಿರ ಬಂದಾಗ ಮಾತ್ರ, ಆದ್ದರಿಂದ ಅದಕ್ಕೆ ಮೊದಲು ತೆಳುವಾಗಿದೆ ಎಂದು ಗಾಬರಿಯಾಗಿ ಇನ್ನಷ್ಟು ಮೈದಾ ಸುರಿಯಬಾರದು.

ಹದದ ಬಗ್ಗೆ ಒಂದು ಮಾತು. ಸಾಸ್ ಸೌಟಿನ ಹಿಂಬದಿಗೆ ತೆಳುವಾಗಿ ಅಂಟಿ, ಬೆರಳಿನಿಂದ ಎಳೆದ ಗೆರೆ ಕೂಡಿಕೊಳ್ಳದೆ ನಿಂತರೆ ಸಾಕು. ಒಲೆಯ ಮೇಲಿರುವಾಗಲೇ ಬಡಿಸುವಷ್ಟು ಗಟ್ಟಿಯಾಗಿದ್ದರೆ, ಪಾಸ್ತಾ ಅದರಿಂದ ನೀರು ಎಳೆದುಕೊಂಡ ಮೇಲೆ ಓವನ್‌ನಿಂದ ಹೊರಬರುವುದು ಒಣಗಿದ ಹಿಟ್ಟಿನ ಗಡ್ಡೆ. ಆದ್ದರಿಂದ ಸಾಸ್ ನೀವು ಬಯಸುವ ಹದಕ್ಕಿಂತ ಒಂದು ಹಂತ ಸಡಿಲವಾಗಿರಲಿ. ಗಂಟು ಕಟ್ಟಿಯೇಬಿಟ್ಟರೆ ಜರಡಿಯಲ್ಲಿ ಸೋಸಿ ಬಳಸಿ, ಎಸೆಯುವ ಅಗತ್ಯವಿಲ್ಲ.

ಮನೆಯಲ್ಲಿ ಹಾಲು ಇಲ್ಲದಿದ್ದರೆ?

ಹಾಲಿನ ಪುಡಿಯನ್ನು ಪೊಟ್ಟಣದ ಮೇಲಿನ ಅಳತೆಯಂತೆ ನೀರಿನಲ್ಲಿ ಕರಗಿಸಿ ಬಳಸಿದರೆ ಕ್ಯಾಸರೋಲ್‌ನಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. ಇವಾಪೊರೇಟೆಡ್ ಮಿಲ್ಕ್ ಎಂಬ ಹೆಸರಿನಲ್ಲಿ ಡಬ್ಬಿಯಲ್ಲಿ ಬರುವ, ಸುಮಾರು 60 ಪ್ರತಿಶತ ನೀರನ್ನು ಇಂಗಿಸಿದ ಹಾಲು ಇನ್ನೂ ಒಳ್ಳೆಯದು, ಏಕೆಂದರೆ ಅದು ಶಾಖಕ್ಕೆ ಸುಲಭವಾಗಿ ಒಡೆಯುವುದಿಲ್ಲ. ಅಷ್ಟೇ ಪ್ರಮಾಣದ ನೀರು ಬೆರೆಸಿದರೆ ಮಾಮೂಲಿ ಹಾಲಿನ ಹದಕ್ಕೆ ಬರುತ್ತದೆ. ಸಿಹಿ ಬೆರೆಸಿದ ಕಂಡೆನ್ಸ್ಡ್ ಮಿಲ್ಕ್ ಬೇರೆಯೇ ಪದಾರ್ಥ. ಡಬ್ಬಿಗಳು ಒಂದೇ ರೀತಿ ಕಾಣುವುದರಿಂದ ಹೆಸರನ್ನು ಓದಿಯೇ ತೆರೆಯಿರಿ.

ಸಾಸ್ ಒಡೆದು ಕಣಕಣವಾಗಲು ಕಾರಣವೇನು?

ಹುಳಿ ಮತ್ತು ಅತಿಯಾದ ಶಾಖ ಸೇರಿದಾಗ ಹಾಲಿನ ಪ್ರೋಟೀನ್ ಮುದುಡಿ ನೀರನ್ನು ಬಿಟ್ಟುಕೊಡುತ್ತದೆ. ಮೈದಾದಿಂದ ಗಟ್ಟಿಯಾದ ಸಾಸ್‌ನಲ್ಲಿ ಪಿಷ್ಟ ಅಡ್ಡ ನಿಲ್ಲುವುದರಿಂದ ಈ ತೊಂದರೆ ಕಡಿಮೆ, ಆದ್ದರಿಂದ ಟೊಮೆಟೊ ಹಾಕಲೇಬೇಕೆಂದಿದ್ದರೆ ಸಾಸ್ ಗಟ್ಟಿಯಾದ ನಂತರ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಟೊಮೆಟೊವೇ ಪ್ರಧಾನವಾಗಿರುವ ಕ್ಯಾಸರೋಲ್‌ನಲ್ಲಿ ಹಾಲನ್ನು ಪೂರ್ತಿ ಬಿಡುವುದು ಜಾಣತನ. ಚೀಸ್‌ನಿಂದ ಎಣ್ಣೆ ಬಿಟ್ಟು ಸಾಸ್ ಮರಳು ಮರಳಾಗಿದ್ದರೆ ಅದಕ್ಕೆ ಕಾರಣ ಬೇರೆ: ಕುದಿಯುವ ಸಾಸ್‌ಗೆ ಚೀಸ್ ಹಾಕಿರುತ್ತೀರಿ. ಉರಿ ಆರಿಸಿ, ಒಂದು ನಿಮಿಷ ಬಿಟ್ಟು, ಹಿಡಿ ಹಿಡಿಯಾಗಿ ಸೇರಿಸಬೇಕು. ತುರಿದೇ ಮಾರುವ ಚೀಸ್‌ಗೆ ಅಂಟಿಕೊಳ್ಳದಿರಲೆಂದು ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಸವರಿರುವುದರಿಂದ, ಗಡ್ಡೆ ತಂದು ನೀವೇ ತುರಿದ ಚೀಸ್ ಹೆಚ್ಚು ನುಣ್ಣಗೆ ಕರಗುತ್ತದೆ.

ಡಬ್ಬಿಯ ಗಟ್ಟಿ ಸೂಪ್ ಬಳಸಿದರೆ ತಪ್ಪೇ?

ತಪ್ಪಿಲ್ಲ. ಈ ತಿನಿಸು ಇಷ್ಟು ಜನಪ್ರಿಯವಾಗಿದ್ದಕ್ಕೆ ಆ ಡಬ್ಬಿಯೂ ಒಂದು ಕಾರಣ. ಅಮೆರಿಕದ ಕ್ಯಾಂಪ್‌ಬೆಲ್ ಸಂಸ್ಥೆ 1897ರಲ್ಲಿ ನೀರಿನಂಶ ಕಡಿಮೆ ಮಾಡಿದ ಸೂಪನ್ನು, 1934ರಲ್ಲಿ ಕ್ರೀಮ್ ಆಫ್ ಮಶ್ರೂಮ್ ಸೂಪನ್ನು ತಂದಿತು. ಅದೇ ಸಂಸ್ಥೆಯ ಪ್ರಯೋಗ ಅಡುಗೆಮನೆಯಲ್ಲಿ ಡೋರ್ಕಸ್ ರೈಲಿ ಅವರು 1955ರಲ್ಲಿ ಆ ಸೂಪ್, ಬೀನ್ಸ್ ಮತ್ತು ಹುರಿದ ಈರುಳ್ಳಿಯಿಂದ ರೂಪಿಸಿದ ಕ್ಯಾಸರೋಲ್ ಇಂದಿಗೂ ಮನೆಮನೆಗಳಲ್ಲಿ ಉಳಿದಿದೆ. ಕೆಲಸ ಮುಗಿಸಿ ಬಂದು ಅಡುಗೆ ಮಾಡುವವರ ಸಮಯವನ್ನು ಉಳಿಸಿದ ಆ ಯೋಚನೆಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಸೂಪ್‌ನಲ್ಲಿ ಉಪ್ಪು ಹೆಚ್ಚಿರುತ್ತದೆ, ಹಾಗಾಗಿ ಅದನ್ನು ಬಳಸುವ ದಿನ ಬೇರೆ ಉಪ್ಪನ್ನು ಹಾಕದೆ, ರುಚಿ ನೋಡಿದ ಮೇಲೆಯೇ ನಿರ್ಧರಿಸಿ. ಒಂದು ಡಬ್ಬಿಗೆ ಅರ್ಧ ಡಬ್ಬಿ ಹಾಲು ಬೆರೆಸಿದರೆ ಸಾಸ್‌ನ ಹದ ಬರುತ್ತದೆ.

ತರಕಾರಿಗಳನ್ನು ಹಸಿಯಾಗಿ ಹಾಕಬಹುದೇ?

ಫ್ರೀಜರ್‌ನ ಬಟಾಣಿ ಮತ್ತು ಜೋಳವನ್ನು ಹಾಗೆಯೇ ಹಾಕಬಹುದು, ಅವು ಬಿಡುವ ನೀರು ಅತ್ಯಲ್ಪ. ಫ್ರೀಜರ್‌ನ ಪಾಲಕ್ ಸೊಪ್ಪು ಹಾಗಲ್ಲ. ಅದನ್ನು ಕರಗಿಸಿ, ಮುಷ್ಟಿಯಲ್ಲಿ ಹಿಂಡಿ ಹಿಂಡಿ ನೀರು ತೆಗೆಯದಿದ್ದರೆ ಇಡೀ ಪಾತ್ರೆ ಕೆರೆಯಾಗುತ್ತದೆ. ಅಣಬೆಯನ್ನೂ ಮೊದಲು ಬಾಣಲೆಯಲ್ಲಿ ಅದರ ನೀರು ಬಿಟ್ಟು, ಇಂಗಿ, ಅಂಚು ಕೆಂಪಾಗುವವರೆಗೆ ಬಾಡಿಸಬೇಕು. ಈರುಳ್ಳಿ ಮತ್ತು ಕ್ಯಾರೆಟ್ ಓವನ್‌ನ ಅರ್ಧ ಗಂಟೆಯಲ್ಲಿ ಬೇಯುವುದಿಲ್ಲವಾದ್ದರಿಂದ ಅವುಗಳನ್ನೂ ಮೊದಲೇ ಬಾಡಿಸಿಕೊಳ್ಳಿ. ಹಸಿ ಆಲೂಗಡ್ಡೆ ಬಿಲ್ಲೆಗಳಿಗೆ ಹಾಲಿನ ಸಾಸ್‌ನಲ್ಲಿ ಒಂದು ಗಂಟೆಗಿಂತಲೂ ಹೆಚ್ಚು ಸಮಯ ಬೇಕಾಗುತ್ತದೆ. ಐದಾರು ನಿಮಿಷ ನೀರಿನಲ್ಲಿ ಕುದಿಸಿ ಹಾಕಿದರೆ ಉಳಿದ ಪದಾರ್ಥಗಳ ಜೊತೆಗೇ ಬೇಯುತ್ತವೆ.

ಮೇಲಿನ ಪದರ ಗರಿಗರಿಯಾಗುವುದಿಲ್ಲ, ಏಕೆ?

ನೀರು ಇರುವವರೆಗೆ ಆ ಭಾಗದ ಶಾಖ 100 ಡಿಗ್ರಿಯನ್ನು ದಾಟುವುದಿಲ್ಲ, ಆದರೆ ಹೊಂಬಣ್ಣವನ್ನೂ ಹುರಿದ ರುಚಿಯನ್ನೂ ಕೊಡುವ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿಯ ಮೇಲೆ. ಹಾಗಾಗಿ ಒದ್ದೆಯಾದ ಪುಡಿ ಕೆಂಪಾಗಲಾರದು. ಪುಡಿಯನ್ನು ಬೆಣ್ಣೆ ಅಥವಾ ಎಣ್ಣೆಯಲ್ಲಿ ಚೆನ್ನಾಗಿ ಕಲಸಿದರೆ ಕೊಬ್ಬಿನ ಲೇಪ ಸಾಸ್‌ನ ತೇವವನ್ನು ತಡೆಯುತ್ತದೆ, ಶಾಖವನ್ನೂ ಸಮನಾಗಿ ಹರಡುತ್ತದೆ. ಪುಡಿ ತೀರಾ ನುಣ್ಣಗಿರದೆ ತರಿತರಿಯಾಗಿರಬೇಕು. ಪಾತ್ರೆಯನ್ನು ಮುಚ್ಚಿ ಬೇಯಿಸುವ ಹಂತದಲ್ಲಿ ಈ ಪದರ ಹಾಕಲೇಬಾರದು, ಏಕೆಂದರೆ ಮುಚ್ಚಳದಿಂದ ಇಳಿಯುವ ಹಬೆ ಅದನ್ನು ನೆನೆಸಿಬಿಡುತ್ತದೆ. ಬ್ರೆಡ್ ಇಲ್ಲದಿದ್ದರೆ ಓಟ್ಸ್, ಸಿಹಿಯಿಲ್ಲದ ಕಾರ್ನ್‌ಫ್ಲೇಕ್ಸ್, ಆಲೂ ಚಿಪ್ಸ್‌ನ ಚೂರು, ಯಾವುದಾದರೂ ನಡೆಯುತ್ತದೆ.

ಓವನ್‌ನ ಶಾಖ ಮತ್ತು ಸಮಯವನ್ನು ಹೇಗೆ ನಿರ್ಧರಿಸುವುದು?

ಹೆಚ್ಚಿನ ಕ್ಯಾಸರೋಲ್‌ಗಳಿಗೆ 180 ಡಿಗ್ರಿ, ಫ್ಯಾನ್ ಇರುವ ಓವನ್‌ನಲ್ಲಿ 160 ಡಿಗ್ರಿ, ನಡುವಿನ ಕಂಬಿಯ ಮೇಲೆ. ಬಿಸಿ ಸಾಸ್‌ನಿಂದ ಕಟ್ಟಿದ ಪಾತ್ರೆಗೆ 30 ನಿಮಿಷ ಸಾಕಾದರೆ, ಫ್ರಿಜ್‌ನಿಂದ ತೆಗೆದದ್ದಕ್ಕೆ ಇನ್ನೂ 15 ನಿಮಿಷ ಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ ನಡುಭಾಗದಲ್ಲಿ 74 ಡಿಗ್ರಿ ತೋರಿಸಬೇಕು. ಇಲ್ಲದಿದ್ದರೆ ನಡುವೆ ಚಾಕು ಚುಚ್ಚಿ ಹತ್ತು ಸೆಕೆಂಡು ಬಿಟ್ಟು ತೆಗೆದಾಗ ಅದರ ತುದಿ ಸುಡುವಷ್ಟು ಬಿಸಿಯಾಗಿರಬೇಕು.

ಗಾಜಿನ ಪಾತ್ರೆ ಒಡೆಯುವ ಭಯವಿದೆಯೇ?

ಕಾರ್ನಿಂಗ್ ಸಂಸ್ಥೆ 1915ರಲ್ಲಿ ಪೈರೆಕ್ಸ್ ಹೆಸರಿನ ಗಾಜಿನ ಪಾತ್ರೆಗಳನ್ನು ಮಾರುಕಟ್ಟೆಗೆ ತಂದಂದಿನಿಂದ ಗಾಜು ಓವನ್‌ನ ಸಂಗಾತಿಯಾಗಿದೆ, ಆದರೆ ಹಠಾತ್ ಶಾಖ ಬದಲಾವಣೆಯನ್ನು ಅದು ಸಹಿಸುವುದಿಲ್ಲ. ಫ್ರೀಜರ್‌ನಿಂದ ತೆಗೆದ ಗಾಜಿನ ಪಾತ್ರೆಯನ್ನು ಕಾದ ಓವನ್‌ಗೆ ಇಡಬೇಡಿ, ಬಿಸಿ ಪಾತ್ರೆಯನ್ನು ಒದ್ದೆಯಾದ ಕಟ್ಟೆಯ ಮೇಲೆ ಇಳಿಸಬೇಡಿ, ಬಿಸಿ ಗಾಜಿಗೆ ತಣ್ಣೀರು ಎರೆಯಬೇಡಿ, ಗ್ಯಾಸ್ ಒಲೆಯ ಉರಿಗೆ ಅಥವಾ ಗ್ರಿಲ್‌ನ ನೇರ ಶಾಖಕ್ಕೆ ಒಡ್ಡಬೇಡಿ.

ಓವನ್ ಇಲ್ಲದವರು ಏನು ಮಾಡಬೇಕು?

ಒಲೆಯ ಮೇಲೆಯೇ ತೃಪ್ತಿಕರವಾಗಿ ಮಾಡಬಹುದು. ದಪ್ಪ ತಳದ ಅಗಲವಾದ ಪಾತ್ರೆಯಲ್ಲಿ ಸಾಸ್, ಪಾಸ್ತಾ, ಕಾಳುಗಳನ್ನು ಸೇರಿಸಿ, ಬಿಗಿಯಾದ ಮುಚ್ಚಳ ಹಾಕಿ, ಕೆಳಗೆ ಕಬ್ಬಿಣದ ಹೆಂಚು ಇಟ್ಟು, ಅತಿ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಬಿಡಿ. ಓವನ್‌ನಲ್ಲಿ ಮೇಲ್ಮೈಯಿಂದ ಆವಿಯಾಗಿ ಹೋಗುವ ನೀರು ಇಲ್ಲಿ ಮುಚ್ಚಳದೊಳಗೇ ಉಳಿಯುವುದರಿಂದ ಹಾಲನ್ನು ಸುಮಾರು ಅರ್ಧ ಕಪ್ ಕಡಿಮೆ ಮಾಡಬೇಕು. ಬ್ರೆಡ್ ಪುಡಿಯನ್ನು ಬೇರೆ ಬಾಣಲೆಯಲ್ಲಿ ಬೆಣ್ಣೆಯೊಡನೆ ಹೊಂಬಣ್ಣಕ್ಕೆ ಹುರಿದಿಟ್ಟು, ಬಡಿಸುವ ಕ್ಷಣದಲ್ಲಿ ಉದುರಿಸಿ. ಪ್ರೆಶರ್ ಕುಕ್ಕರ್‌ನಲ್ಲಿ ಗಟ್ಟಿ ಹಾಲಿನ ಸಾಸ್ ತಳ ಹಿಡಿದು ಸೀದುಹೋಗುತ್ತದೆ, ಆದ್ದರಿಂದ ಅದನ್ನು ಕಾಳು ಬೇಯಿಸುವುದಕ್ಕಷ್ಟೇ ಮೀಸಲಿಡಿ. ಮೈಕ್ರೋವೇವ್‌ನಲ್ಲಿ ಕನ್ವೆಕ್ಷನ್ ವ್ಯವಸ್ಥೆ ಇದ್ದರೆ ಅದು ಓವನ್‌ನಂತೆಯೇ ಕೆಲಸ ಮಾಡುತ್ತದೆ.

ನೀರಾಗಿ ಅಥವಾ ಒಣಗಿ ಹೋದರೆ ಸರಿಪಡಿಸಬಹುದೇ?

ನೀರಾಗಿದ್ದರೆ ಮುಚ್ಚಳವಿಲ್ಲದೆ ಇನ್ನೂ 10 ನಿಮಿಷ ಓವನ್‌ನಲ್ಲಿಟ್ಟು, ನಂತರ ಕಾಲು ಗಂಟೆ ಹಾಗೆಯೇ ಬಿಡಿ. ಹೆಚ್ಚಿನ ಸಂದರ್ಭಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಒಣಗಿದ್ದರೆ ಅಂಚಿನಲ್ಲಿ ಚಮಚದಿಂದ ಜಾಗ ಮಾಡಿ, ಕಾಲು ಕಪ್ ಬಿಸಿ ಹಾಲನ್ನು ಎರೆದು ಐದು ನಿಮಿಷ ಮುಚ್ಚಿಡಿ. ಮೇಲಿನಿಂದ ಸುರಿದರೆ ಗರಿಗರಿಯಾದ ಪದರ ಹಾಳಾಗುತ್ತದೆ.

ಎಲ್ಲವೂ ಸರಿಯಾಗಿದ್ದರೂ ಸಪ್ಪೆ ಎನಿಸುವುದೇಕೆ?

ಹಾಲು, ಪಿಷ್ಟ, ಕಾಳು, ಮೂರೂ ರುಚಿಯನ್ನು ಮೆತ್ತಗೆ ಮಾಡುವ ಪದಾರ್ಥಗಳು. ಹಾಗಾಗಿ ಪಾತ್ರೆಗೆ ಸುರಿಯುವ ಮೊದಲು ರುಚಿ ನೋಡಿದಾಗ ಮಿಶ್ರಣ ತುಸು ಖಾರವಾಗಿ, ತುಸು ಉಪ್ಪಾಗಿ ಇರಬೇಕು. ಉಪ್ಪು ಸರಿಯಿದ್ದೂ ಸಪ್ಪೆ ಎನಿಸಿದರೆ ಕೊರತೆ ಹುಳಿಯದು. ಬಡಿಸುವಾಗ ಒಂದೆರಡು ಹನಿ ನಿಂಬೆರಸ ಅಥವಾ ವಿನೆಗರ್, ಇಲ್ಲವೇ ಸಾಸ್‌ಗೆ ಮೊದಲೇ ಸೇರಿಸಿದ ಸಾಸಿವೆ ಈ ಕೊರತೆಯನ್ನು ತುಂಬುತ್ತದೆ. ಒಣ ಸೊಪ್ಪಿನ ಮಸಾಲೆಗಳನ್ನು ಅಂಗೈಗಳ ನಡುವೆ ಉಜ್ಜಿ, ಬೆಣ್ಣೆಯಲ್ಲಿ ಈರುಳ್ಳಿ ಬಾಡುವಾಗಲೇ ಹಾಕಿ, ಏಕೆಂದರೆ ಅವುಗಳ ಪರಿಮಳ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಬಿಡುತ್ತದೆ. ತಾಜಾ ಸೊಪ್ಪಿನ ಮೂರನೇ ಒಂದು ಪಾಲು ಒಣಗಿದ್ದು ಸಾಕು. ವರ್ಷಗಳಿಂದ ತೆರೆದಿಟ್ಟ ಪುಡಿಯಲ್ಲಿ ಬಣ್ಣ ಮಾತ್ರ ಉಳಿದಿರುತ್ತದೆ. ಮೂಸಿ ನೋಡಿ, ವಾಸನೆ ಇಲ್ಲದಿದ್ದರೆ ರುಚಿಯೂ ಇಲ್ಲ.

ಮೈದಾ ಅಥವಾ ಹಾಲು ತಿನ್ನದವರಿಗೆ ಹೇಗೆ ಮಾಡುವುದು?

ಎರಡು ದೊಡ್ಡ ಚಮಚ ಮೈದಾದ ಬದಲು ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ತಣ್ಣನೆಯ ದ್ರವದಲ್ಲಿ ಕದಡಿ, ಕುದಿಯುವ ಸಾಸ್‌ಗೆ ಸೇರಿಸಿ. ಹಾಲಿನ ಬದಲು, ಬೆಂದ ಬಿಳಿ ಕಾಳನ್ನು ನೀರಿನೊಡನೆ ನುಣ್ಣಗೆ ರುಬ್ಬಿದರೆ ಕೆನೆಯಂಥ ಸಾಸ್ ಆಗುತ್ತದೆ. ನನಗೆ ತೆಂಗಿನ ಹಾಲಿಗಿಂತ ಇದೇ ಮೆಚ್ಚುಗೆ, ಏಕೆಂದರೆ ಇದು ಬೇರೆ ರುಚಿಗಳ ಮೇಲೆ ಸವಾರಿ ಮಾಡುವುದಿಲ್ಲ. ಅನ್ನ ಅಥವಾ ಆಲೂಗಡ್ಡೆ ಆಧಾರವಾಗಿದ್ದರೆ ಗೋಧಿ ಪಾಸ್ತಾದ ಪ್ರಶ್ನೆಯೂ ಬರುವುದಿಲ್ಲ, ಮೇಲಿನ ಪದರಕ್ಕೆ ಮಾತ್ರ ಗೋಧಿಯಿಲ್ಲದ ಪುಡಿಯನ್ನು ಆರಿಸಿಕೊಳ್ಳಿ.

ಹಿಂದಿನ ದಿನವೇ ಸಿದ್ಧಮಾಡಿಡಬಹುದೇ? ಫ್ರೀಜರ್‌ನಲ್ಲಿ ಇಡಬಹುದೇ?

ಬೇಯಿಸದ ಕ್ಯಾಸರೋಲ್ ಫ್ರಿಜ್‌ನಲ್ಲಿ ಒಂದು ದಿನ ಚೆನ್ನಾಗಿರುತ್ತದೆ. ರಾತ್ರಿಯಿಡೀ ಪಾಸ್ತಾ ಸಾಸ್ ಅನ್ನು ಹೀರುತ್ತಲೇ ಇರುವುದರಿಂದ ಅರ್ಧ ಕಪ್ ಹಾಲನ್ನು ಹೆಚ್ಚಿಗೆ ಹಾಕಿರಬೇಕು. ಬ್ರೆಡ್ ಪುಡಿಯನ್ನು ಬೇಯಿಸುವ ಮೊದಲಷ್ಟೇ ಹರಡಬೇಕು. ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ಮೂರು ತಿಂಗಳು ರುಚಿ ಕೆಡದೆ ಇರುತ್ತದೆ. ಪಾತ್ರೆಯೊಳಗೆ ಅಲ್ಯೂಮಿನಿಯಂ ಹಾಳೆ ಹಾಸಿ ತುಂಬಿ, ಗಟ್ಟಿಯಾದ ಮೇಲೆ ಹಾಳೆ ಸಮೇತ ಎತ್ತಿ ಸುತ್ತಿಟ್ಟರೆ ಪಾತ್ರೆ ಬಿಡುವಾಗುತ್ತದೆ. ಟೊಮೆಟೊದಂಥ ಹುಳಿ ಇರುವಾಗ ಹಾಳೆಯ ಮೇಲೆ ಬೇಕಿಂಗ್ ಕಾಗದ ಹಾಸಿಕೊಳ್ಳಿ. ಕಾರ್ನ್‌ಫ್ಲೋರ್ ಸಾಸ್ ಹೆಪ್ಪುಗಟ್ಟಿ ಕರಗಿದಾಗ ನೀರು ಬಿಡುತ್ತದೆ, ಆಲೂಗಡ್ಡೆ ತುಂಡುಗಳು ಮರಳಾಗುತ್ತವೆ. ಇವೆರಡನ್ನೂ ಫ್ರೀಜರ್‌ಗೆ ಕಳಿಸಬೇಡಿ.

ಉಳಿದದ್ದನ್ನು ಎಷ್ಟು ದಿನ ಇಡಬಹುದು?

ಫ್ರಿಜ್‌ನಲ್ಲಿ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಶಾಖದಲ್ಲಿ 3ರಿಂದ 4 ದಿನ. ಅಡುಗೆಯಾದ 2 ಗಂಟೆಗಳ ಒಳಗೆ ಫ್ರಿಜ್ ಸೇರಬೇಕು, ದೊಡ್ಡ ಪಾತ್ರೆಯ ನಡುಭಾಗ ಬಹಳ ಹೊತ್ತು ಬೆಚ್ಚಗೇ ಇರುವುದರಿಂದ ಆಳವಿಲ್ಲದ ಡಬ್ಬಿಗಳಿಗೆ ಹಂಚಿಡಬೇಕು. ಅನ್ನ ಹಾಕಿದ ಕ್ಯಾಸರೋಲ್ ವಿಷಯದಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿರಿ: ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ, ಬೆಚ್ಚಗಿನ ಅನ್ನದಲ್ಲಿ ಬೆಳೆದು ಅವು ಉಂಟುಮಾಡುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಕಾಯಿಸುವಾಗ ಒಂದು ಚಮಚ ಹಾಲು ಚಿಮುಕಿಸಿ, ಮುಚ್ಚಿ, ಪೂರ್ತಿ ಬಿಸಿಯಾಗುವವರೆಗೆ ಕಾಯಿಸಿ, ಬೇಕಾದಷ್ಟನ್ನು ಮಾತ್ರ.

ಹಳೆಯ ಡಬ್ಬಿಗಳನ್ನು ಬಳಸಬಹುದೇ?

ಉಬ್ಬಿದ, ಸೋರುವ, ತೆರೆದಾಗ ಚಿಮ್ಮುವ, ಜೋಡಣೆಯ ಅಂಚಿನಲ್ಲಿ ಆಳವಾಗಿ ನೆಗ್ಗಿದ ಡಬ್ಬಿಯನ್ನು ರುಚಿ ನೋಡದೆಯೇ ಎಸೆಯಿರಿ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ಉಂಟುಮಾಡುವ ವಿಷ ಪ್ರಾಣಾಪಾಯಕಾರಿ, ಅದಕ್ಕೆ ವಾಸನೆಯೂ ಇರಬೇಕೆಂದಿಲ್ಲ. ತೆರೆದ ಡಬ್ಬಿಯಲ್ಲಿ ಉಳಿದದ್ದನ್ನು ಗಾಜಿನ ಪಾತ್ರೆಗೆ ಬದಲಾಯಿಸಿ ಫ್ರಿಜ್‌ನಲ್ಲಿಡಿ.

ಹನ್ನೆರಡು ಜನರಿಗೆ ಮಾಡಬೇಕಾದರೆ?

ಅಳತೆಯನ್ನು ಎರಡರಷ್ಟು ಮಾಡಿ, ಆದರೆ ಒಂದೇ ಆಳವಾದ ಪಾತ್ರೆಗೆ ತುಂಬದೆ ಎರಡು ಪಾತ್ರೆಗಳಿಗೆ ಹಂಚಿ. ಆಳ ಹೆಚ್ಚಿದಂತೆ ನಡುಭಾಗಕ್ಕೆ ಶಾಖ ತಲುಪುವಷ್ಟರಲ್ಲಿ ಅಂಚು ಒಣಗಿಹೋಗುತ್ತದೆ, ಎಲ್ಲರಿಗೂ ಇಷ್ಟವಾದ ಮೇಲಿನ ಪದರವೂ ತಲಾ ಅರ್ಧದಷ್ಟೇ ಸಿಗುತ್ತದೆ. ಎರಡೂ ಪಾತ್ರೆಗಳನ್ನು ಒಟ್ಟಿಗೆ ಓವನ್‌ನಲ್ಲಿ ಇಡುವಾಗ 10 ನಿಮಿಷ ಹೆಚ್ಚು ಸಮಯ ಕೊಟ್ಟು, ಅರ್ಧ ಸಮಯ ಕಳೆದ ಮೇಲೆ ಮೇಲಿನದನ್ನು ಕೆಳಗೂ ಕೆಳಗಿನದನ್ನು ಮೇಲೂ ಬದಲಾಯಿಸಿ.